ಸ್ಮಾರ್ಟ್ ಮೀಟರ್ ಗಲಾಟೆಯಲ್ಲಿ ಮೇನ್ ಸ್ವಿಚ್ ಮರೀಬೇಡಿ

ಚಿತ್ರದುರ್ಗ: ಸ್ಮಾರ್ಟ್ ಮೀಟರ್ ಅಂದ ಕೂಡಲೇ ನಮ್ಮಲ್ಲಿ ಮಾತು ಶುರುವಾಗೋದು ರೇಟಿನಿಂದ. ತಪ್ಪೇನಿಲ್ಲ. ನಮ್ಮ ಜಿಲ್ಲೆಯೂ ಸೇರಿದ ಬೆಸ್ಕಾಂ ವ್ಯಾಪ್ತಿಯ ನಗರಗಳಲ್ಲಿ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಕ್ಕೆ ಇದು ಕಡ್ಡಾಯವಾದಾಗ ಸಿಂಗಲ್ ಫೇಸ್ ಮೀಟರ್ ಬೆಲೆ 4,998 ರೂಪಾಯಿ. ವಿಧಾನಸಭೆಯಲ್ಲಿ ಗದ್ದಲ ಆಯ್ತು, ವಿಷಯ ಹೈಕೋರ್ಟ್‌ಗೂ ಹೋಯ್ತು. ಪಕ್ಕದಲ್ಲಿರಬೇಕಾದ ಮೇನ್ ಸ್ವಿಚ್ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಈ ಮೀಟರ್ ಒಳಗೆ ರಿಲೇ ಇರುತ್ತೆ. ಕಚೇರಿಯಲ್ಲಿ ಕೂತೇ ಕರೆಂಟ್ ತೆಗೀಬಹುದು, ಕೊಡಬಹುದು. ಅಪಾಯ ಇರೋದು ಇಲ್ಲೇ. ಬಿಲ್ ಬಾಕಿಗೆ ಕರೆಂಟ್ ಹೋಗಿದೆಯಲ್ಲ, ಈಗಲೇ ಬೋರ್ಡ್ ರಿಪೇರಿ ಮಾಡೋಣ ಅಂತ ನೀವು ಸ್ಕ್ರೂ ಬಿಚ್ಚಿರ್ತೀರಿ. ಒಳಗೆ ಮಗ ಫೋನಲ್ಲಿ ದುಡ್ಡು ಕಟ್ಟಿರ್ತಾನೆ. ಹೇಳದೆ ಕೇಳದೆ ಕರೆಂಟ್ ವಾಪಸ್ ಬರಬಹುದು.

ಅದಕ್ಕೇ ಮೀಟರ್ ದಾಟಿದ ಮೇಲೆ, ನಮ್ಮ ಕಡೆಗೆ, ಫೇಸ್-ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಿಡಿಸುವ ಡಬಲ್ ಪೋಲ್ ಸ್ವಿಚ್ ಬೇಕು. ಹಳೇ ಅಂಗಡಿಗಳ ಪಿಂಗಾಣಿ ಫ್ಯೂಸ್ ಕಿತ್ತರೆ ಸಾಮಾನ್ಯವಾಗಿ ಫೇಸ್ ಒಂದೇ ಹೋಗೋದು. ಕೊಳ್ಳುವಾಗಲೂ ಹುಷಾರು: ಐಸೋಲೇಟರ್, ಎಂಸಿಬಿ ನೋಡೋಕೆ ಅಣ್ಣ-ತಮ್ಮ ಇದ್ದಂಗೆ. ಆದರೆ ಶಾರ್ಟ್ ಆದ್ರೆ ಐಸೋಲೇಟರ್ ತಾನಾಗಿ ಬೀಳಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಶಾಕ್‌ನಿಂದ ಕಾಯೋಕೆ ಆರ್‌ಸಿಸಿಬಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಹೊಸದಾಗಿ ಕಟ್ಟೋರು ವೈರಿಂಗ್ ಹೊತ್ತಲ್ಲೇ ಹಾಕಿಸಿಬಿಡಿ. ಹಳೇ ಮನೆಯವರು ಮೀಟರ್ ಸೀಲ್ ಮುಟ್ಟಬೇಡಿ, ವಿದ್ಯುತ್ ಕಾಯ್ದೆ 2003ರಲ್ಲಿ ಅದು ಅಪರಾಧ. ಸೆಕ್ಷನ್ ಆಫೀಸಿಗೆ ಹೇಳಿ, ಲೈನ್‌ಮನ್ ಕರೆಂಟ್ ತೆಗೆದ ಮೇಲೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಬೆಸ್ಕಾಂ ಸಹಾಯವಾಣಿ 1912.