ಲ್ಯಾಪ್‌ಟಾಪ್ ಖರೀದಿಗೆ ಮುನ್ನ ಪಠ್ಯಕ್ರಮ ನೋಡಿ

ಹನ್ನೆರಡನೆಯ ತರಗತಿ ಮುಗಿಸಿ ಪದವಿಗೆ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಈಗ ಪುಸ್ತಕದಷ್ಟೇ ಅಗತ್ಯ. ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ವಿದ್ಯಾರ್ಥಿವೇತನ ನೀಡುತ್ತ ಬಂದಿರುವುದು ಶ್ಲಾಘನೀಯ. ಆದರೆ ಆ ಹಣ ಸದ್ವಿನಿಯೋಗವಾಗಬೇಕಾದರೆ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಯಾವುದು ಬೇಕೆಂಬುದನ್ನು ಅಂಗಡಿಯವರ ಮಾತಾಗಲಿ, ಗೆಳೆಯರೆದುರಿನ ಪ್ರತಿಷ್ಠೆಯಾಗಲಿ ನಿರ್ಧರಿಸಬಾರದು. ಕಲಿಯುವ ವಿಷಯವೇ ನಿರ್ಧರಿಸಬೇಕು.

ವಾಣಿಜ್ಯ ವಿಭಾಗದವರ ಟ್ಯಾಲಿ, ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್, ಆರ್ಕಿಟೆಕ್ಚರ್‌ನವರ ರೆವಿಟ್ ವಿಂಡೋಸ್‌ಗಾಗಿಯೇ ತಯಾರಾದವು. ಸಾಲ ಮಾಡಿ ಮ್ಯಾಕ್ ಕೊಂಡವರು ಇಲ್ಲಿ ಪೇಚಿಗೆ ಸಿಲುಕುತ್ತಾರೆ. ಐಫೋನ್ ಆ್ಯಪ್ ತಯಾರಿಸುವ ಎಕ್ಸ್‌ಕೋಡ್ ಮಾತ್ರ ಮ್ಯಾಕ್‌ನಲ್ಲೇ ನಡೆಯುತ್ತದೆ. ಕಂಪ್ಯೂಟರ್ ಸೈನ್ಸ್‌ನವರ ಪೈಥಾನ್, ಜಾವಾ ಮೂರರಲ್ಲೂ ನಡೆಯುತ್ತವೆ.

ದಾನಿಗಳು ಕೊಡುವ ಹಳೆಯ ಲ್ಯಾಪ್‌ಟಾಪ್‌ಗಳ ಪ್ರಶ್ನೆ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇಲ್ಲದ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಸುಸ್ಥಿತಿಯಲ್ಲಿರುವ ಅಂಥವನ್ನು ಗುಜರಿಗೆ ಹಾಕುವ ಬದಲು ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಬಹುದು. ಲಿಬ್ರೆಆಫೀಸ್‌ನಲ್ಲಿ ಬರವಣಿಗೆ, ಲೆಕ್ಕಪಟ್ಟಿ ಎರಡೂ ಸಾಧ್ಯ. ಯೂನಿಕೋಡ್ ಕನ್ನಡಕ್ಕೂ ಅಡ್ಡಿಯಿಲ್ಲ.

ಸಂಘಗಳ ಯುವ ವಿಭಾಗಗಳಲ್ಲಿ ಐಟಿ ಉದ್ಯೋಗಿಗಳಿಗೆ ಕೊರತೆಯಿಲ್ಲ. ಕಾಲೇಜು ಪ್ರವೇಶದ ದಿನಗಳಲ್ಲಿ ಒಂದು ಭಾನುವಾರ ಅವರಿಂದ ಪೋಷಕರಿಗೆ ಮಾಹಿತಿ ಶಿಬಿರ ಏರ್ಪಡಿಸಲಿ. ಹೊಟೇಲಿನಲ್ಲಿ ದುಡಿದು ಮಕ್ಕಳನ್ನು ಓದಿಸುವ ತಂದೆಯ ಹಣ ವ್ಯರ್ಥವಾಗದಂತೆ ತಡೆಯುವುದು, ವೇದಿಕೆಯಲ್ಲಿ ಚೆಕ್ ವಿತರಿಸಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ದೊಡ್ಡ ನೆರವು.