ವಿಜ್ಞಾನ ವಿಚಾರ: ನೆರಳು ತಂದ ಸುದ್ದಿ



ಈಸ್ಟ್ ಹ್ಯಾಮಿನಲ್ಲಿ ನಡೆದ ನಮ್ಮ ಯುಗಾದಿ ಕೂಟದಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸದಸ್ಯರೊಬ್ಬರ ಮಗಳು ಬಂದು ಕೇಳಿದಳು: "ಅಂಕಲ್, ಗಾಮಾ ಕಿರಣ ಕಣ್ಣಿಗೆ ಕಾಣಲ್ಲ, ಮಸೂರಕ್ಕೂ ಬಗ್ಗಲ್ಲ. ಮತ್ತೆ ಯಾವ ದಿಕ್ಕಿನಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ?" ಪಾಯಸ ಬಡಿಸುವ ಗಡಿಬಿಡಿಯಲ್ಲಿ "ಆಮೇಲೆ ಹೇಳ್ತೀನಮ್ಮ" ಎಂದು ಜಾರಿಕೊಂಡೆ. ಆ ಸಾಲವನ್ನು ಇಲ್ಲಿ ತೀರಿಸುತ್ತೇನೆ.

1963ರ ಒಪ್ಪಂದ ಮುರಿದು ಯಾರಾದರೂ ಕದ್ದು ಪರಮಾಣು ಬಾಂಬು ಸಿಡಿಸುತ್ತಾರೋ ಎಂದು ಕಾಯಲು ಅಮೆರಿಕ 'ವೇಲಾ' ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವುಗಳಿಗೆ ಸಿಕ್ಕ ಗಾಮಾ ಮಿಂಚು ಬಾಂಬಿನದಲ್ಲ. ಅಂಥ ಹಲವು ಮಿಂಚುಗಳು ಬೇರೆ ಬೇರೆ ಉಪಗ್ರಹಗಳನ್ನು ಮುಟ್ಟಿದ ಸಮಯದ ಅಂತರವನ್ನು ಲೆಕ್ಕ ಹಾಕಿದಾಗ, ಅವು ಭೂಮಿಯಿಂದಲೂ ಸೂರ್ಯನಿಂದಲೂ ಬಂದವಲ್ಲವೆಂದು ತಿಳಿಯಿತು. 1973ರಲ್ಲಿ ಸುದ್ದಿ ಪ್ರಕಟವಾಯಿತು. ಭಾರೀ ನಕ್ಷತ್ರ ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿಯಾದಾಗ ಇಂಥ ಸ್ಫೋಟವಾಗುತ್ತದೆ. ನಮ್ಮ ವಾಯುಮಂಡಲ ಈ ಕಿರಣಗಳನ್ನು ತಡೆದು ನಮ್ಮನ್ನು ಕಾಯುತ್ತದೆ. ಆದ್ದರಿಂದಲೇ ದೂರದರ್ಶಕ ಮೇಲೆ ಹೋಗಬೇಕು.

ಇನ್ನು ದಿಕ್ಕಿನ ಮಾತು. ಊರಿನ ಮನೆಯ ಕಿಟಕಿ ಸರಳುಗಳನ್ನು ನೆನೆಸಿಕೊಳ್ಳಿ. ಹೊರಗೆ ಲಾಟೀನು ಹಿಡಿದವರು ನಡೆದಂತೆ ಒಳಗೋಡೆಯ ಮೇಲೆ ನೆರಳು ಸರಿಯುತ್ತದೆ. ಲಾಟೀನು ಕಾಣದಿದ್ದರೂ ನೆರಳು ನೋಡಿ ಅದಿರುವ ಕಡೆ ಹೇಳಬಹುದು. 2004ರಲ್ಲಿ ಹಾರಿದ 'ಸ್ವಿಫ್ಟ್' ಉಪಗ್ರಹದಲ್ಲಿ ಸರಳುಗಳ ಬದಲು 50,000ಕ್ಕೂ ಹೆಚ್ಚು ಸೀಸದ ಬಿಲ್ಲೆಗಳ ಜಾಲರಿ. ಕೆಳಗೆ ಕಿರಣ ತಾಗಿದರೆ ವಿದ್ಯುತ್ ಮಿಡಿತ ಕೊಡುವ ಹರಳುಗಳು. ಯಾವ ಹರಳಿಗೆ ಕಿರಣ ಬಿತ್ತು, ಯಾವುದಕ್ಕೆ ನೆರಳು ಬಿತ್ತು ಎಂಬುದರಿಂದ ದಿಕ್ಕು ಸಿಗುತ್ತದೆ.

ಬೆಂಗಳೂರಿನಲ್ಲಿ ಜೋಡಿಸಿ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ನಮ್ಮ 'ಆಸ್ಟ್ರೋಸ್ಯಾಟ್'ನಲ್ಲೂ ಇಂಥ ಜಾಲರಿಯ ಉಪಕರಣವಿದೆ. ಜೊತೆಗಿರುವ ಎಕ್ಸ್-ರೇ ದೂರದರ್ಶಕದ ಕ್ಯಾಮೆರಾ ನಮ್ಮ ನೆರೆಯ ಲೆಸ್ಟರ್ ವಿಶ್ವವಿದ್ಯಾಲಯದ್ದು! ಬಲವಾದ ಕಿರಣಗಳು ಜಾಲರಿಯ ಉಪಕರಣದ ಗೋಡೆಗಳನ್ನೇ ತೂರಿ ಬರುವುದರಿಂದ ಪಕ್ಕದ ಸ್ಫೋಟಗಳೂ ಅದಕ್ಕೆ ಸಿಗುತ್ತವೆ. ಕೆಲಸಕ್ಕಿಳಿದ ಮೊದಲ ದಿನವೇ, ಅಕ್ಟೋಬರ್ 6ರಂದು, ಒಂದು ಸಿಕ್ಕಿತು.

ಆದರೆ 2017ರ ಆಗಸ್ಟ್ 17ರಂದು ಅಮೆರಿಕದ 'ಫರ್ಮಿ' ಕಂಡ ಸ್ಫೋಟ ಆಸ್ಟ್ರೋಸ್ಯಾಟ್‌ಗೆ ಕಾಣಲೇ ಇಲ್ಲ. ನಡುವೆ ಭೂಮಿ ಅಡ್ಡ ಬಂದಿತ್ತು. ಹಾಗಾದರೆ ಸ್ಫೋಟ ಭೂಮಿ ಮರೆಮಾಡಿದ ದಿಕ್ಕಿನಲ್ಲೇ ಇರಬೇಕಲ್ಲವೆ? ಹುಡುಕಬೇಕಾದ ಆಕಾಶ ಅಷ್ಟು ಕಿರಿದಾಯಿತು. ಅಂದು ಜಾಲರಿಯ ಕೆಲಸವನ್ನು ಭೂಮಿಯೇ ಮಾಡಿತು.

ಮಗೂ, ಉತ್ತರ ಸಿಕ್ಕಿತೆ? ಮುಂದಿನ ಕೂಟಕ್ಕೆ ಇನ್ನೊಂದು ಪ್ರಶ್ನೆ ತಾ. ಪಾಯಸ ಬಡಿಸಲು ಬೇರೆಯವರನ್ನು ಹುಡುಕಿರುತ್ತೇನೆ.