ವಾಕರ್ ನಡೆದದ್ದೆಲ್ಲಿ?

ಕಳೆದ ಸಂಚಿಕೆಯಲ್ಲಿ ಸಾಬೂನಿನ ವಿಷಯ ಬರೆದಿದ್ದೆವು. ಈ ಸಲದ್ದು ಸಾಬೂನು ಇಲ್ಲದೆಯೇ ಜಿಡ್ಡು ತೆಗೆಯುತ್ತಿದ್ದವರ ಕಥೆ.

ನಮ್ಮ ಪ್ರಯೋಗಾಲಯದಲ್ಲಿ ವಾಕರ್ ಎಂಬ ಅಡ್ಡಹೆಸರಿನವರೊಬ್ಬರಿದ್ದಾರೆ. ತಮ್ಮ ಪೂರ್ವಿಕರು ಬಹಳ ದೂರ ನಡೆಯುವವರಾಗಿದ್ದಿರಬೇಕೆಂದು ಅವರ ನಂಬಿಕೆ. ಕಾಲಿಗೆ ಕೆಲಸವಿದ್ದದ್ದು ನಿಜ. ಆದರೆ ದಾರಿಯ ಮೇಲಲ್ಲ, ತೊಟ್ಟಿಯೊಳಗೆ!

ಮಗ್ಗದಿಂದ ಇಳಿಸಿದ ಉಣ್ಣೆಬಟ್ಟೆ ಸಡಿಲವಾಗಿ, ಜಿಡ್ಡುಜಿಡ್ಡಾಗಿರುತ್ತದೆ. ಅದನ್ನು ತೊಟ್ಟಿಯಲ್ಲಿ ನೆನೆಹಾಕಿ ಬರಿಗಾಲಿನಲ್ಲಿ ಗಂಟೆಗಟ್ಟಲೆ ತುಳಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ದಪ್ಪವಾಗುತ್ತದೆ. ಹೀಗೆ ತುಳಿಯುವವನನ್ನು ಇಂಗ್ಲೆಂಡಿನ ಉತ್ತರದಲ್ಲಿ ವಾಕರ್ ಎಂದೂ, ಆಗ್ನೇಯದಲ್ಲಿ ಫುಲ್ಲರ್ ಎಂದೂ, ನೈಋತ್ಯದ ಡೆವನ್ ಕಡೆ ಟಕರ್ ಎಂದೂ ಕರೆಯುತ್ತಿದ್ದರು. ಕಸುಬು ಒಂದೇ, ಹೆಸರು ಮೂರು.

ತೊಟ್ಟಿಯಲ್ಲಿ ಇದ್ದದ್ದೇನು? ರಸಾಯನಶಾಸ್ತ್ರದವರಿಗೆ ರುಚಿಯಿರುವುದು ಇಲ್ಲೇ (ಆ ಪದ ಇಲ್ಲಿ ಸಲ್ಲದು, ಕ್ಷಮಿಸಿ). ಹಳಸಿದ ಮೂತ್ರ! ಅದರಲ್ಲಿನ ಯೂರಿಯ ಕೊಳೆತು ಅಮೋನಿಯ ಆಗುತ್ತದೆ. ಆ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಜೊತೆಗೆ ಜಿಡ್ಡು ಹೀರುವ ಒಂದು ಜೇಡಿಮಣ್ಣು, ಫುಲ್ಲರ್ಸ್ ಅರ್ತ್. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಅದೇ ಜಾತಿಯದು. ಇದನ್ನೆಲ್ಲ ಕೇಳಿದ ವಾಕರ್ ಮಹಾಶಯರು ಚಹದ ಲೋಟ ಕೆಳಗಿಟ್ಟರು.

12ನೆಯ ಶತಮಾನದಲ್ಲಿ ನೀರಿನ ಚಕ್ರದಿಂದ ಏಳುವ ಮರದ ಸುತ್ತಿಗೆಗಳು ಬಂದವು. 1185ರಲ್ಲಿ ಟೆಂಪ್ಲರ್ ಪಂಗಡದವರು ಮಾಡಿಸಿದ ಆಸ್ತಿಯ ಪಟ್ಟಿಯಲ್ಲಿ ಇಂಥ ಗಿರಣಿಗಳ ಉಲ್ಲೇಖವಿದೆ. ಕಾಲಿಗೆ ಕೆಲಸ ತಪ್ಪಿತು, ಹೆಸರು ಉಳಿಯಿತು. ಮುಂದೆ ಅಡ್ಡಹೆಸರು ತಂದೆಯಿಂದ ಮಗನಿಗೆ ಇಳಿಯುವ ರೂಢಿ ಬೇರೂರಿದ ಮೇಲೆ, ಮಗ ಬಡಗಿಯಾದರೂ ವಾಕರನೇ.

ನಮ್ಮ ಈ ಹುಡುಕಾಟಕ್ಕೆ ಸ್ವಂತ ಕಾರಣವೊಂದಿದೆ. ನಮ್ಮ ಎರಡು ಇನಿಷಿಯಲ್ಲುಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯವರದು. ಪಾಸ್‌ಪೋರ್ಟಿನಲ್ಲಿ ತಂದೆಯವರ ಹೆಸರನ್ನೇ ಸರ್‌ನೇಮ್ ಎಂದು ಬರೆಸಿದೆವು. ಇಲ್ಲಿನವರು ದಿನವೂ ನಮ್ಮನ್ನು ಅಪ್ಪನ ಹೆಸರಿನಿಂದ ಕೂಗುತ್ತಾರೆ, ನಾವೂ ಓಗೊಡುತ್ತೇವೆ. ಕಳೆದ ತಿಂಗಳು ಮಗಳು ಹುಟ್ಟಿದಳು. ಇಂಗ್ಲೆಂಡಿನಲ್ಲಿ 42 ದಿನಗಳೊಳಗೆ ಜನನ ನೋಂದಾಯಿಸಬೇಕು. ಮನೆಯವರು ಊರಿನ ಹೆಸರಿರಲಿ ಎನ್ನುತ್ತಾರೆ. ನಮಗೆ ಅಪ್ಪನ ಹೆಸರು ಬಿಡಲು ಮನಸ್ಸಿಲ್ಲ. ಅವರನ್ನೇ ಕೇಳೋಣವೆಂದು ಊರಿಗೆ ಫೋನ್ ಮಾಡಿದರೆ, "ಹೆಣ್ಣುಮಗುವಿಗೆ ನನ್ನ ಹೆಸರು ಯಾಕೋ?" ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಇನ್ನು 9 ದಿನ ಉಳಿದಿವೆ.